ಸಂದಿಯ ಬಿಸಿನೀರು

ಐದೂವರೆಗೆ ದಸ್ತಗಿರ್ ಮಾಮನ ಕೆಮ್ಮು ಕೇಳಿಸಿತು. ಮೊದಲು ಕೆಮ್ಮು, ಆಮೇಲೆ ಒಗೆಯುವ ಕಲ್ಲಿನ ಮೇಲೆ ಬಕೆಟ್ಟು ಕೂತ ಸದ್ದು, ಆಮೇಲೆ "ತನುಜಮ್ಮಾ, ನೀರು." ಒಳಗಿನಿಂದ ತನುಜ "ಇಡಿ ಮಾಮ" ಅಂದಳು. "ಇಟ್ಟಿದೀನಮ್ಮ" ಅಂದು ಅವರು ಚಪ್ಪಲಿ ಎಳೆಯುತ್ತಾ ಸಂದಿಯ ಆಚೆ ತುದಿಗೆ ಹೋದರು. ಅಷ್ಟೇ. ಐವತ್ತೊಂದು ವರ್ಷದ ಹೆಂಗಸೊಬ್ಬಳು ಇಷ್ಟು ಮಾತಿಗಾಗಿ ಐದು ಗಂಟೆಯಿಂದ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ ಅಂದರೆ ಯಾರಾದರೂ ನಕ್ಕಾರು. ಅವಳಿಗೇ ಒಮ್ಮೊಮ್ಮೆ ನಗು ಬರುತ್ತಿತ್ತು. ಕಚೇರಿಯಲ್ಲಿ ಅವಳು ಮೇಡಂ. ಬೀದಿಯಲ್ಲಿ ಆಫೀಸಿನ ಮೇಡಂ. ಚಿಂತಾಮಣಿಯ ಚಿಕ್ಕಪ್ಪನ ಮಕ್ಕಳು ಸಾವಿಗೋ ನಾಮಕರಣಕ್ಕೋ ಫೋನು ಮಾಡಿದರೆ ಬರೀ ಅಕ್ಕ. ಹೆಸರು ಹಿಡಿದು, ಹೆಸರಿಗೊಂದು ಅಮ್ಮ ಸೇರಿಸಿ ಕರೆಯುವವರು ಶಿಡ್ಲಘಟ್ಟದಲ್ಲಿ ಈ ಮುದುಕರೊಬ್ಬರೇ, ಅದೂ ಮುಚ್ಚಿದ ಬಾಗಿಲಿನ ಆಚೆ ನಿಂತು. ಇವತ್ತು ಹನ್ನೊಂದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ. ಎರಡು ಮನೆಗಳ ನಡುವಿನ ಮೂರಡಿ ಸಂದಿ ಕಾಗದದ ಮೇಲೂ ಮಾಮನದಾಗುತ್ತದೆ. ಆ ಮೂರಡಿಗೆ ಬದಲಾಗಿ ಬರುತ್ತಿದ್ದ ಬಿಸಿನೀರು ನಾಳೆಯಿಂದ ಬರಬೇಕಾಗಿಲ್ಲ, ನೀರು ಬರದಿದ್ದರೆ ಕರೆಯುವ ಅಗತ್ಯವೂ ಇಲ್ಲ. ಇದನ್ನೇ ಅವಳು ಒಂದು ತಿಂಗಳಿಂದ ಹಿಂದೆ ಮುಂದೆ ಯೋಚಿಸಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.

ಬಕೆಟ್ಟು ಒಳಗೆ ತಂದು ಬಚ್ಚಲಲ್ಲಿಟ್ಟಳು. ಹಬೆ ಏಳುತ್ತಿತ್ತು. ನೀರಿನ ಮೇಲೆ ಬೂದಿಯ ಒಂದು ಚೂರು ತೇಲುತ್ತಿತ್ತು. ಹೊಗೆಯ ವಾಸನೆ. ಎರಡೂ ಕೈಯಲ್ಲಿ ಬಕೆಟ್ಟು ಬಗ್ಗಿಸಿ ಮೋರಿಯ ತೂತಿಗೆ ಸುರಿಯತೊಡಗಿದಳು. ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಚೊಂಬಿನಲ್ಲಿ ಮೊಗೆದು ನೆಲಕ್ಕೆರಚಿ, ಹೊರಗಿನವರಿಗೆ ಸ್ನಾನದ ಸದ್ದು ಕೇಳುವ ಹಾಗೆ. ಈ ವಿದ್ಯೆ ಅವಳಿಗೆ ಎರಡು ವರ್ಷದಲ್ಲಿ ಚೆನ್ನಾಗಿ ಕೈಗೆ ಹತ್ತಿತ್ತು. ಆಮೇಲೆ ಗೀಸರಿನ ಸ್ವಿಚ್ಚು ಹಾಕಿ ಸ್ಟೂಲಿನ ಮೇಲೆ ಕೂತು, ಅದರ ಕೆಂಪು ದೀಪವನ್ನೇ ನೋಡುತ್ತಾ ಕಾದಳು. ಈ ಗೀಸರು ಮನೆಗೆ ಬಂದದ್ದು ಯಾಮಿನಿಯ ಒಂದು ಮಾತಿನಿಂದ. ಯಾಮಿನಿ ಆಗಷ್ಟೇ ಕಚೇರಿಗೆ ಹೊಸದಾಗಿ ಬಂದಿದ್ದ ಹುಡುಗಿ, ಕೆಟ್ಟವಳಲ್ಲ, ಫೈಲು ಕೊಡಲು ಬಗ್ಗಿದವಳು ಮೂಗು ಅರಳಿಸಿ "ಮೇಡಂ, ನಿಮ್ಮನೇಲಿ ಇನ್ನೂ ಸೌದೆ ಒಲೇನಾ? ನಿಮ್ಮ ಕೂದಲು ಥೇಟ್ ನಮ್ಮಜ್ಜಿ ಥರ ಸ್ಮೆಲ್ ಬರ್ತದೆ, ನಂಗಿಷ್ಟಪ್ಪ" ಅಂದಿದ್ದಳು. ಇಷ್ಟ ಅಂತಲೇ ಅಂದಿದ್ದಳು, ಪಾಪ. ತನುಜಳಿಗೆ ಕೇಳಿಸಿದ್ದು ಮಾತ್ರ ಜೂನಿಯರ್ ಕಾಲೇಜಿನ ಎರಡನೇ ಬೆಂಚಿನ ಹುಡುಗಿಯರ ಪಿಸುಮಾತು. ಅವರು ದುಪಟ್ಟಾದ ತುದಿ ಮೂಗಿಗೆ ಹಿಡಿದು, "ಹುಳ ಬೇಯಿಸಿದ ನೀರಲ್ಲಿ ಸ್ನಾನ ಮಾಡ್ತಾಳೆ ಕಣೇ" ಅಂದು ಅತ್ತ ಸರಿದು ಕೂತಿದ್ದರು. ಮಾಮನ ರೇಷ್ಮೆ ಶೆಡ್ಡಿನ ಬಾಯ್ಲರಿನಿಂದ ಬರುತ್ತಿದ್ದ ನೀರಿಗೂ ರೇಷ್ಮೆಗೂಡು ಬೇಯಿಸುವ ನೀರಿಗೂ ಸಂಬಂಧವಿಲ್ಲ ಅಂತ ಅವಳು ಎದ್ದು ನಿಂತು ಹೇಳಬಹುದಿತ್ತು. ಹೇಳಲಿಲ್ಲ. ಬೆಂಚಿನ ತುದಿಗೆ ತಾನೇ ಸರಿದು, ಅರ್ಧ ಕುಂಡೆ ಊರಿಕೊಂಡು ಎರಡು ವರ್ಷ ಕಳೆದಳು. ಯಾಮಿನಿ ಹಾಗಂದ ವಾರದಲ್ಲೇ ಗೀಸರು ಬಂತು, ಶುಕ್ರವಾರ ಮಧ್ಯಾಹ್ನ, ದಸ್ತಗಿರ್ ಮಾಮ ನಮಾಜಿಗೆ ಹೋಗಿದ್ದ ಹೊತ್ತು ನೋಡಿ. ನಾಳೆ ಬೆಳಗ್ಗೆ ಹೇಳಿಬಿಡುತ್ತೇನೆ, ಮಾಮ, ಇನ್ನು ನೀರು ಬೇಡ, ಗೀಸರು ಹಾಕಿಸಿದ್ದೀನಿ ಅಂತ. ಬೆಳಗಾಯಿತು, ಕೆಮ್ಮು ಕೇಳಿಸಿತು, "ತನುಜಮ್ಮಾ, ನೀರು" ಅಂದಿತು ಧ್ವನಿ. ಅವಳ ಬಾಯಿ ತನ್ನಷ್ಟಕ್ಕೆ ತಾನೇ "ಇಡಿ ಮಾಮ" ಅಂದುಬಿಟ್ಟಿತು.

ಮೋರಿ ಸಂದಿಗೇ ಬೀಳುತ್ತಿತ್ತು. ಅದರ ಬಾಯಿಯ ಪಕ್ಕದಲ್ಲಿ ಅಮ್ಮ ಇಟ್ಟಿದ್ದ ಕರಿಬೇವಿನ ಗಿಡ ಎದೆಯೆತ್ತರ ಬೆಳೆದಿತ್ತು. ಒಂದೆರಡು ವರ್ಷದಿಂದ ಅದರ ಮೋರಿಯ ಕಡೆಯ ಕೊಂಬೆಗಳೆಲ್ಲ ಒಣಗಿ, ಆಚೆ ಕಡೆಯವು ಮಾತ್ರ ಹಸಿರಾಗಿದ್ದವು. ಹುಳಿ ಮಜ್ಜಿಗೆ ಹಾಕಿ ನೋಡಿದಳು, ಬುಡಕ್ಕೆ ಹೊಸ ಮಣ್ಣು ಹಾಕಿದಳು, ಏನೂ ಆಗಲಿಲ್ಲ. ಅಮ್ಮ, ಪೆದ್ದಮ್ಮ ಅಂತ ಅವಳ ಹೆಸರು, ಬದುಕಿದ್ದಿದ್ದರೆ ಒಂದೇ ನೋಟಕ್ಕೆ ಏನಾಗಿದೆ ಅಂತ ಹೇಳುತ್ತಿದ್ದಳು. ಅಮ್ಮನಿಗೆ ಗಿಡದ ರೋಗ ಗೊತ್ತಾಗುತ್ತಿತ್ತು, ಮಗಳದ್ದೇ ಗೊತ್ತಾಗುತ್ತಿರಲಿಲ್ಲ. ಬೆಳಗ್ಗೆ ಬಿಂದಿಗೆ ಕೂತ ಸದ್ದಾದರೆ ಸಾಕು, ಒಲೆಯ ಮುಂದಿನಿಂದ "ನೀಳ್ಳು ವಚ್ಚಿನಾಯಿ, ಲೇವೇ" ಅಂತ ಕೂಗು, ನೀರು ಬಂತು ಏಳೇ ಅಂತ. ಆಗ ಎರಡು ಬಿಂದಿಗೆ ಬರುತ್ತಿದ್ದವು. ಒಪ್ಪಂದವಾಗಿದ್ದೇ ಎರಡು ಬಿಂದಿಗೆಗೆ. ಅಪ್ಪ ಆವುಲಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದ. ಪಕ್ಕದಲ್ಲಿ ದಸ್ತಗಿರ್ ಮಾಮನ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಹೊಸ ಬಾಯ್ಲರು ಕೂರಿಸಲು ಶೆಡ್ಡಿನ ಹಿಂದೆ ಜಾಗ ಸಾಲದೆ ಮಾಮ ಒಂದು ಸಂಜೆ ಬಂದು ಜಗಲಿಯ ಕೆಳಗೆ ನಿಂತು, ನಿಮ್ಮ ಸೈಟಿನಲ್ಲಿ ಮೂರಡಿ ಬಿಟ್ಟುಕೊಡು ಆವುಲಪ್ಪ, ಏನು ಕೊಡಲಿ ಹೇಳು ಅಂದಿದ್ದರು. "ದುಡ್ಡು ಬೇಡ ಭಾಯ್. ದಿನಾ ಎರಡು ಬಿಂದಿಗೆ ಬಿಸಿನೀರು ಕೊಡು. ನನ್ನ ಹೆಂಡ್ತಿ ಹೊಗೆ ಊದೋದು ತಪ್ಲಿ" ಅಂದ ಅಪ್ಪ. "ಕೊಟ್ಟೆ" ಅಂದರು ಮಾಮ. "ಬಾಯ್ಲರ್ ಇರೋವರ್ಗೂ ಅಲ್ಲ, ನಾನಿರೋವರ್ಗೂ." ಕಾಗದವಿಲ್ಲ, ಸಾಕ್ಷಿಯಿಲ್ಲ, ಇದ್ದ ಸಾಕ್ಷಿಯೆಂದರೆ ಕಂಬಕ್ಕೆ ಒರಗಿ ಕೆಮಿಸ್ಟ್ರಿ ಓದುತ್ತಿದ್ದ ಹದಿನೇಳು ವರ್ಷದ ಮಗಳು. ಮೊದಲ ದಿನ ಬೆಳಗ್ಗೆ ನೀರು ತಂದಾಗ ಅಮ್ಮ ಅಭ್ಯಾಸದಂತೆ ತನ್ನ ಕೊಡವನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು, ಮೇಲಿಂದ ಸುರಿಯಲಿ ಅಂತ. ಬೀದಿಯ ನಲ್ಲಿಯಲ್ಲಿ ಅವರಿಗೆ ನೀರು ಸಿಗುತ್ತಿದ್ದದ್ದು ಹಾಗೆಯೇ. ಮಾಮ ತಮ್ಮ ಹಿತ್ತಾಳೆ ಬಿಂದಿಗೆಯನ್ನು ಅವಳ ಕೈಗೇ ಕೊಟ್ಟು, "ಬಿಂದಿಗೆ ಸಮೇತ ತಗೊಳಮ್ಮ, ಖಾಲೀದು ನಾಳೆ ಕೊಡೀರಂತೆ" ಅಂದು ಹೋದರು. ಅವತ್ತು ಅಮ್ಮ ನೀರು ತಣ್ಣಗಾಗುವವರೆಗೂ ಬಿಂದಿಗೆಯ ಮುಂದೆ ಕೂತಿದ್ದಳು. ಅವಳು ಅತ್ತಿದ್ದಳೋ ಇಲ್ಲವೋ ತನುಜಳಿಗೆ ಈಗ ನೆನಪಾಗುವುದಿಲ್ಲ, ಕೂತಿದ್ದದ್ದು ಮಾತ್ರ ನೆನಪಿದೆ.

ಅಂಥ ನೀರನ್ನು ಮೋರಿಗೆ ಸುರಿಯುತ್ತೀಯಲ್ಲ ಅಂತ ಒಳಗಿನಿಂದ ಏನೋ ಚುಚ್ಚುತ್ತಿತ್ತು. ಚುಚ್ಚಿದಾಗೆಲ್ಲ ಅವಳ ಬಳಿ ಒಂದು ಸಮಾಧಾನ ಸಿದ್ಧವಾಗಿರುತ್ತಿತ್ತು: ಸುಳ್ಳು ನನ್ನದೊಂದೇ ಅಲ್ಲ. ಮೂರು ವರ್ಷದ ಹಿಂದೆ, ಹಾಡುಹಗಲಲ್ಲಿ, ಬಾಯ್ಲರು ಟ್ರಾಕ್ಟರಿನ ಮೇಲೆ ಹೋಗಿತ್ತು. ಬೀದಿಯೆಲ್ಲ ನೋಡಿತು. ಮಾಮನ ಹೆಂಡತಿ ಗೌಹರ್ ತೀರಿಕೊಂಡ ವರ್ಷವೇ ಅದು. ಮಗ ಆಸಿಮ್‌ಗೆ ನೂಲು ಬಿಚ್ಚುವ ಕೆಲಸ ಬೇಡವಾಗಿತ್ತು. ಟೈಲ್ಸ್ ಅಂಗಡಿ ಹಾಕಿಕೊಂಡಿದ್ದ. ಬಾಯ್ಲರು ಹೋದ ರಾತ್ರಿ ತನುಜ ನೀರು ನಿಂತಿತು ಅಂದುಕೊಂಡೇ ಮಲಗಿದ್ದಳು. ಬೆಳಗ್ಗೆ ಐದೂವರೆಗೆ ಕೆಮ್ಮು, ಬಕೆಟ್ಟಿನ ಸದ್ದು, "ತನುಜಮ್ಮಾ, ನೀರು." ಬಾಗಿಲು ತೆರೆದು ಮುಟ್ಟಿ ನೋಡಿದರೆ ಸುಡುವಷ್ಟು ಬಿಸಿ. ಎಲ್ಲಿಂದ ಬಂತು ಅಂತ ಕೇಳುವುದು ಮರ್ಯಾದೆಯಲ್ಲ ಅನ್ನಿಸಿತು. ಆಮೇಲೊಂದು ದಿನ ತಾರಸಿಗೆ ಬಟ್ಟೆ ಹರವಲು ಹೋದಾಗ ಕಂಡಿತು: ಖಾಲಿ ಶೆಡ್ಡಿನ ಹಿಂದೆ ಮೂರು ಕಲ್ಲು, ಹಿಪ್ಪುನೇರಳೆ ಕಡ್ಡಿಯ ಹೊರೆ, ಮುರಿದ ಹಳೆಯ ಚಂದ್ರಿಕೆಗಳ ಬಿದಿರು, ಮೇಲೊಂದು ಮಸಿ ಹಿಡಿದ ಪಾತ್ರೆ. ಎಪ್ಪತ್ತರ ಮುದುಕರು ಕುಕ್ಕರುಗಾಲಲ್ಲಿ ಕೂತು, ಒಂದು ಕಾಲದಲ್ಲಿ ಹುಳ ಗೂಡು ಕಟ್ಟಿದ ಬಿದಿರನ್ನು ಮುರಿಮುರಿದು ಒಲೆಗೆ ಒಡ್ಡುತ್ತಿದ್ದರು. ಅವಳು ಬಟ್ಟೆ ಹರವದೆ ಹಾಗೇ ಕೆಳಗಿಳಿದು ಬಂದಳು. ಆ ದಿನವೇ ಹೋಗಿ ಸಾಕು ಮಾಮ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅನ್ನುವುದಕ್ಕೆ ಮರ್ಯಾದೆಯ ಕಾರಣವನ್ನೇ ಅವಳು ತನಗೆ ತಾನು ಕೊಟ್ಟುಕೊಂಡಳು. ನಿಜ ಬೇರೆ ಇತ್ತು. ಅಮ್ಮ ಸತ್ತು ಆಗ ಒಂದು ವರ್ಷವಾಗಿತ್ತು, ಆ ಮನೆಯಲ್ಲಿ ಅವಳ ಹೆಸರು ಕೇಳಿಸುವುದು ಆ ಹೊತ್ತಿಗೆ ಮಾತ್ರ.

ಕಾಗದದ ವಿಷಯ ತೆಗೆದವನು ಆಸಿಮ್. ಶೆಡ್ಡು ಕೆಡವಿ ಮನೆ ಕಟ್ಟಬೇಕು, ನಗರಸಭೆಯಲ್ಲಿ ಇ-ಖಾತೆ ಬೇಕು, ಇ-ಖಾತೆಗೆ ನಾಲ್ಕೂ ಕಡೆಯ ಅಳತೆ ಸರಿಯಿರಬೇಕು. ಅಳತೆ ಮಾಡಿದರೆ ಮೂರಡಿ, ತೀರಿಕೊಂಡ ಆವುಲಪ್ಪನಿಂದ ತನುಜಳ ಹೆಸರಿಗೆ ಬಂದ ಸೈಟಿನಲ್ಲಿದೆ. ಒಂದು ಭಾನುವಾರ ಹೆಂಡತಿ ಬುಷ್ರಾಳನ್ನು ಕರೆದುಕೊಂಡು, ಸ್ವೀಟಿನ ಡಬ್ಬಿ ಹಿಡಿದು ಬಂದ. ಸೋಫಾದ ಅಂಚಿನಲ್ಲಿ ಕೂತು, ಗೋಡೆಯ ಬುದ್ಧನ ಪಟ ನೋಡಿ, ಫ್ಯಾನು ನೋಡಿ, ಕೊನೆಗೆ ಅಂದ. "ಅಕ್ಕ, ನಮ್ಮಪ್ಪ ನಿಮ್ಮಪ್ಪ ಬಾಯ್ ಮಾತಲ್ಲಿ ಏನೋ ಮಾಡ್ಕೊಂಡವ್ರೆ. ಬ್ಯಾಂಕ್‌ನೋರು ಬಾಯ್ ಮಾತು ಕೇಳಲ್ಲ. ಮಾರ್ಕೆಟ್ ರೇಟ್ ಏನಿದ್ಯೋ ಅದು ಕೊಟ್ಬಿಡ್ತೀನಿ."

"ದುಡ್ಡು ಯಾಕಪ್ಪ?" ಅಂದಳು ತನುಜ. ಧ್ವನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಅದು ಕೊಟ್ಟು ಮೂವತ್ನಾಲ್ಕು ವರ್ಷ ಆಯ್ತು. ಬದಲಿಗೆ ನೀರು ಬರ್ತಾ ಇದೆಯಲ್ಲ."

ಬುಷ್ರಾ ಗಂಡನ ಮುಖ ನೋಡಿದಳು. "ಅದೇ ಅಕ್ಕ," ಅಂದಳು ಮೆಲ್ಲಗೆ. "ಅಬ್ಬಾಗೆ ಕೈ ನಡುಗ್ತದೆ. ಹೋದ ತಿಂಗಳು ಕಾಲಿನ ಮೇಲೆ ಚೆಲ್ಕೊಂಡ್ರು, ಬೊಬ್ಬೆ ಬಂದಿತ್ತು. ನಾನು ಗ್ಯಾಸಲ್ಲಿ ಕಾಯಿಸಿ ಕೊಡ್ತೀನಿ, ನಾನೇ ಇಟ್ಟು ಬರ್ತೀನಿ ಅಂದ್ರೂ ಕೇಳಲ್ಲ. ಕಾಗದ ಆದ್ರೆ ಬಿಡ್ತಾರೇನೋ ಅಂತ."

ಬೊಬ್ಬೆ ಬಂದದ್ದು ತನುಜಳಿಗೆ ಗೊತ್ತಿರಲಿಲ್ಲ. ಆ ವಾರವೂ ಕೆಮ್ಮು ಕೇಳಿಸಿತ್ತು, ಬಕೆಟ್ಟು ಬಂದಿತ್ತು, ಅವಳು ಅದನ್ನು ಸದ್ದು ಮಾಡಿ ಸುರಿದಿದ್ದಳು. ಅವಳು ಎದ್ದು ಒಳಗೆ ಹೋಗಿ ಟೀ ಇಟ್ಟಳು. ಹಾಲು ಉಕ್ಕಿದ್ದು ನೋಡಲಿಲ್ಲ. ವಾಪಸು ಬಂದು, ನಾನೇ ಕರಡು ಬರೆದುಕೊಡುತ್ತೇನೆ ಅಂದಳು, ಕಚೇರಿಯಲ್ಲಿ ಎಲ್ಲರ ಅರ್ಜಿಯನ್ನೂ ಬರೆಯುವವಳು ತಾನೇ. ಆಸಿಮ್ ಖುಷಿಯಿಂದ ಎದ್ದು ನಿಂತ. ಕರಡು ಬರೆಯಲು ಮೂರು ಸಂಜೆ ಹಿಡಿಯಿತು. "ಸದರಿ ಜಾಗಕ್ಕೆ ಪ್ರತಿಫಲವಾಗಿ ದಿನವೊಂದಕ್ಕೆ ಎರಡು ಬಿಂದಿಗೆ ಬಿಸಿನೀರು" ಅಂತ ಬರೆದು, ಹೊಡೆದುಹಾಕಿ, ಮತ್ತೆ ಬರೆದಳು. ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರ ಚನ್ನಕೇಶವ ಅದನ್ನು ಓದಿ, ಕನ್ನಡಕ ಹಣೆಗೇರಿಸಿ ನಕ್ಕಿದ್ದ. "ಮೇಡಂ, ಇದನ್ನ ಕಂಪ್ಯೂಟರ್ ತಗೊಳಲ್ಲ. ಅಲ್ಲಿ ಒಂದು ಅಂಕಿ ಬೇಕು, ಅದು ನನಗೆ ಬಿಡಿ. ನೀವು ಕೊನೇ ಸಾಲು ಮಾತ್ರ ಸರಿಯಾಗಿ ಹಾಕಿ, ಬರಬೇಕಾದ್ದು ಪೂರ್ತಿ ಮುಟ್ಟಿರುತ್ತದೆ, ಇನ್ನು ಯಾವ ಬಾಕಿಯೂ ಇರುವುದಿಲ್ಲ ಅಂತ." ಆ ಸಾಲನ್ನು ಅವಳು ತನ್ನ ದುಂಡನೆಯ ಅಕ್ಷರದಲ್ಲಿ ಅಲ್ಲೇ ನಿಂತು ಬರೆದುಕೊಟ್ಟಳು. ಒಳ್ಳೆಯ ಅಕ್ಷರ ಅಂತ ಚನ್ನಕೇಶವ ಹೊಗಳಿದ.

ಹನ್ನೊಂದು ಗಂಟೆ ಅಂದಿದ್ದು ಒಂದೂವರೆಯಾಯಿತು. ಸರ್ವರ್ ಇಲ್ಲ ಅಂತ ಒಳಗಿನವರು, ಬರುತ್ತೆ ಇರಿ ಅಂತ ಚನ್ನಕೇಶವ. ಆಸಿಮ್ ಜೆರಾಕ್ಸ್‌ಗೆ ಹೋದ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ತನುಜ, ದಸ್ತಗಿರ್ ಮಾಮ ಇಬ್ಬರೇ ಉಳಿದರು. ಮೂವತ್ನಾಲ್ಕು ವರ್ಷದಲ್ಲಿ ಹೀಗೆ ಪಕ್ಕಪಕ್ಕ ಕೂತದ್ದು ಇದೇ ಮೊದಲು ಅನ್ನುವುದು ಅವಳಿಗೆ ಥಟ್ಟನೆ ಹೊಳೆಯಿತು. ಬಾಗಿಲಿಲ್ಲದೆ ಅವರ ಜೊತೆ ಹೇಗೆ ಮಾತಾಡಬೇಕು ಅಂತ ತಿಳಿಯಲಿಲ್ಲ. ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ತೊಡೆಯ ಮೇಲಿದ್ದ ಕೈ ತನ್ನಷ್ಟಕ್ಕೆ ನಡುಗುತ್ತಿತ್ತು, ಇನ್ನೊಂದು ಕೈ ಅದನ್ನು ಹಿಡಿದುಕೊಂಡಿತ್ತು. ಪಾದದ ಮೇಲೆ ವಾಸಿಯಾದ ಬೊಬ್ಬೆಯ ತಿಳಿ ಗುಲಾಬಿ ಗುರುತು. ಅದನ್ನು ನೋಡಬಾರದೆಂದು ಅವಳು ಎದುರಿನ ಎಳನೀರು ಗಾಡಿಯನ್ನು ನೋಡುತ್ತಾ ಕೂತಳು.

"ನಾಳೆಯಿಂದ ನೀರು ತರಲ್ಲಮ್ಮ," ಅಂದರು ಮಾಮ. "ಆಸಿಮ್ ಆಣೆ ಹಾಕಿಸ್ಕೊಂಡವ್ನೆ."

"ಪರವಾಗಿಲ್ಲ ಮಾಮ."

"ನಿಮಗೇನು ತೊಂದ್ರೆ ಇಲ್ಲ ಬಿಡಿ. ಗೀಸರ್ ಐತಲ್ಲ."

ತನುಜಳ ಕಿವಿ ಬಿಸಿಯಾಯಿತು. ಮಾಮ ಅವಳತ್ತ ತಿರುಗಲಿಲ್ಲ. ಅವರ ಧ್ವನಿಯಲ್ಲಿ ಆಕ್ಷೇಪಣೆಯೂ ಇರಲಿಲ್ಲ, ಬೆಳಗ್ಗೆ ನೀರು ಅನ್ನುವಾಗ ಇರುತ್ತಿದ್ದ ಧ್ವನಿಯೇ. "ಒಂದು ಮಾತಮ್ಮ. ಇನ್ಮೇಲೆ ಬಿಸಿನೀರು ಚೆಲ್ಲೋದಿದ್ರೆ ಆರಿದ್ಮೇಲೆ ಚೆಲ್ಲಿ. ಕರಿಬೇವಿನ ಬುಡ ಬೇಯ್ತಾ ಐತೆ. ಪೆದ್ದಮ್ಮ ಇಟ್ಟಿದ್ದ ಗಿಡ ಅದು."

ಕ್ಷಮಿಸಿ ಅನ್ನುವುದು ಕಚೇರಿಯ ಮಾತಾಗುತ್ತಿತ್ತು. "ಯಾವಾಗ ಗೊತ್ತಾಯ್ತು?" ಅಂದಳು.

"ಮೊದಲನೇ ದಿವಸಾನೇ. ಬಕೆಟ್ ಇಟ್ಟು ನಾನು ಸಂದಿ ತುದಿ ಮುಟ್ಟಿ ತಿರುಗೋ ಅಷ್ಟರಲ್ಲಿ ಮೋರೀಲಿ ಹಬೆ ಆಚೆ ಬಂತು. ಅಷ್ಟು ಬೇಗ ಯಾರು ಸ್ನಾನ ಮಾಡ್ತಾರಮ್ಮ?" ಮಾಮ ಸಣ್ಣಗೆ ನಕ್ಕರು.

ಎರಡು ವರ್ಷ. ಏಳುನೂರು ಬೆಳಗು ಅವಳು ಚೊಂಬಿನಿಂದ ನೆಲಕ್ಕೆ ನೀರೆರಚಿ ನಾಟಕವಾಡಿದ್ದಳು, ಗೋಡೆಯ ಆಚೆ ನಿಂತ ಇವರು ತಾವೇ ಕಡ್ಡಿ ಮುರಿದು ಕಾಯಿಸಿ ಹೊತ್ತು ತಂದ ನೀರು ಹಬೆಯಾಡುತ್ತಾ ತಮ್ಮ ಕಾಲ ಬಳಿ ಹರಿಯುವುದನ್ನು ನೋಡಿ, ಮಾರನೇ ದಿನ ಮತ್ತೆ ತಂದಿದ್ದರು. "ಮತ್ತೆ ಯಾಕೆ ಮಾಮ ತರ್ತಿದ್ರಿ?" ಅಂದಳು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ," ಅಂದರು ಮಾಮ. ಎಳನೀರಿನವನು ಒಂದು ಬುರುಡೆ ಕೆತ್ತಿ ಯಾರಿಗೋ ಕೊಟ್ಟ. "ಗೌಹರ್ ಹೋದ್ಮೇಲೆ ಬೆಳಗ್ಗೆ ಎದ್ರೆ ಕರೆಯೋಕೆ ಯಾರವ್ರೆ ನನಗೆ? ಮಗ ಸೊಸೆ ಏಳೋದು ಎಂಟಕ್ಕೆ. ಇಲ್ಲಿ ಬಂದು ತನುಜಮ್ಮ ಅಂದ್ರೆ ನೀವು ಮಾಮ ಅಂತಿದ್ರಿ."

ನಾನೂ ಅದಕ್ಕೇ, ನಾನೂ ಅದಕ್ಕೇ ಮಾಮ ಹೇಳಲಿಲ್ಲ, ಐದು ಗಂಟೆಗೇ ಎದ್ದು ಕಾಯುತ್ತಿದ್ದೆ ಅನ್ನಲು ಅವಳು ಅವರತ್ತ ತಿರುಗಿದಳು. ಒಳಗಿನಿಂದ ಗುಮಾಸ್ತ "ಆವುಲಪ್ಪನವರ ಮಗಳು ತನುಜಾ" ಅಂತ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದ. ಆಸಿಮ್ ಓಡಿ ಬಂದು ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದ. ಅವಳು ಸೀರೆ ಸರಿಮಾಡಿಕೊಂಡು ಎದ್ದಳು.

ಕ್ಯಾಮೆರಾ ನೋಡಿ ಅಂದರು, ನೋಡಿದಳು. ಹೆಬ್ಬೆಟ್ಟು ಒತ್ತಿ ಅಂದರು, ಒತ್ತಿದಳು. ಮಾಮನ ನಡುಗುವ ಬೆರಳನ್ನು ಯಂತ್ರ ಮೂರು ಸಲ ತಿರಸ್ಕರಿಸಿತು, ನಾಲ್ಕನೇ ಸಲ ಆಸಿಮ್ ಅದನ್ನು ಅದುಮಿ ಹಿಡಿದ. ಅಧಿಕಾರಿ ಹಾಳೆ ತಿರುವುತ್ತಾ ತಲೆಯೆತ್ತದೆ ಕೇಳಿದರು: "ನೀವೇ ಒಪ್ಪಿ ಬರೆದುಕೊಟ್ಟಿದ್ದಾ? ಬರಬೇಕಾದ್ದೆಲ್ಲ ಮುಟ್ಟಿದೆಯಾ?"

"ಮುಟ್ಟಿದೆ."

"ಬಾಕಿ ಏನೂ ಇಲ್ಲ?"

ಮಾಮ ಕಂಪ್ಯೂಟರಿನ ಪರದೆಯ ಮೇಲಿದ್ದ ತಮ್ಮದೇ ಫೋಟೋ ನೋಡುತ್ತಾ ನಿಂತಿದ್ದರು. "ಇಲ್ಲ" ಅಂದಳು ತನುಜ. ಹೊರಗೆ ಬಂದ ಮೇಲೆ ಆಸಿಮ್ ಎಲ್ಲರಿಗೂ ಎಳನೀರು ಕೊಡಿಸಿದ. ನಾಳೆ ಹತ್ತು ಗಂಟೆಗೆ ಕೆಲಸದವರು ಬರುತ್ತಾರೆ ಅಕ್ಕ, ಗಿಡ, ಕಲ್ಲು ತೆಗೆದು ಪಾಯ ಶುರು ಮಾಡುತ್ತಾರೆ, ನಿಮ್ಮ ಮೋರಿಗೆ ಪೈಪು ಹಾಕಿಸಿ ಬೀದಿಗೆ ಬಿಡಿಸುತ್ತೇನೆ, ಸಂದಿಗೆ ತೆರೆಯೋ ಆ ಪಕ್ಕದ ಬಾಗಿಲು ಮುಚ್ಚಬೇಕಾಗುತ್ತೆ, ಅದರ ಖರ್ಚು ನನ್ನದೇ ಅಂದ. ಒಳ್ಳೆಯ ಹುಡುಗ. ಅವಳು ಆಯ್ತಪ್ಪ ಅಂದಳು. ಮಧ್ಯಾಹ್ನದ ಮೇಲೆ ಕಚೇರಿಗೆ ಹೋದಾಗ ಯಾಮಿನಿ ಏನಾಯ್ತು ಮೇಡಂ ಅಂತ ಕೇಳಿದ್ದಕ್ಕೆ, ಎಲ್ಲ ಕ್ಲಿಯರ್ ಆಯ್ತು ಅಂದು ಫೈಲು ತೆರೆದಳು.

ಮಾರನೇ ಬೆಳಗ್ಗೆ ಐದು ಗಂಟೆಗೇ ಎಚ್ಚರವಾಯಿತು. ನಿದ್ದೆ ಬರಲಿ ಅಂತ ಮಗ್ಗುಲು ಬದಲಿಸಿದಳು. ಐದೂವರೆಗೆ ಕೆಮ್ಮು ಕೇಳಿಸಿತು. ತನುಜ ಎದ್ದು ಕೂತಳು. ಬಕೆಟ್ಟಿನ ಸದ್ದು ಬರಲಿಲ್ಲ. ಬರಿಗಾಲಲ್ಲಿ ಹೋಗಿ ಪಕ್ಕದ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟಳು. ಬಾಗಿಲಿನ ಬಿರುಕಿನಲ್ಲಿ ಮಾಮ ಕಂಡರು. ಒಗೆಯುವ ಕಲ್ಲಿನ ಮುಂದೆ, ನಿನ್ನೆ ಸಂಜೆ ಆಸಿಮ್ ಪಾಯಕ್ಕೆಂದು ಸುಣ್ಣದಲ್ಲಿ ಹಾಕಿದ ಗೆರೆಯ ಆಚೆ, ಎರಡೂ ಕೈ ಬರಿದಾಗಿ, ಕಾಲಿನ ಅಭ್ಯಾಸಕ್ಕೆ ಬಂದು ನಿಂತಿದ್ದರು. ಬಾಯಿ ತೆರೆದರು. ಕರೆದರೆ ಏನಂತ ಕರೆಯುವುದು, ತನುಜಮ್ಮಾ ಅಂದ ಮೇಲೆ ಏನು ಹೇಳುವುದು ಅಂತ ಅವರಿಗೂ ತಿಳಿಯಲಿಲ್ಲವೇನೋ, ಬಾಯಿ ಹಾಗೇ ಮುಚ್ಚಿಕೊಂಡಿತು. ಮಾಮ ಅಂತ ನೀನೇ ಕರೆಯಬಹುದಲ್ಲ ಅಂತ ಅವಳಿಗೆ ಅನ್ನಿಸದೆ ಇರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಮೊದಲು ಕರೆದವಳಲ್ಲ. ಚಿಲಕ ತಣ್ಣಗಿತ್ತು. ಕರೆದು ಏನು ಕೇಳುವುದು, ಬಾಕಿ ಏನೂ ಇಲ್ಲ ಅಂತ ತನ್ನ ಕೈಯಾರೆ ಬರೆದುಕೊಟ್ಟವಳು? ಅಷ್ಟರಲ್ಲಿ ಚಪ್ಪಲಿಯ ಸದ್ದು ಸಂದಿಯ ಆಚೆ ತುದಿಗೆ ಹೋಗಿಬಿಟ್ಟಿತ್ತು.

ಗೀಸರಿನ ಸ್ವಿಚ್ಚು ಹಾಕಿದಳು. ಕೆಂಪು ದೀಪ ಆರಿದ ಮೇಲೆ ನಲ್ಲಿ ತಿರುಗಿಸಿ ಬಕೆಟ್ಟು ತುಂಬಿಸಿದಳು. ಹೊಗೆಯ ವಾಸನೆಯಿಲ್ಲ, ಬೂದಿಯ ಚೂರಿಲ್ಲ. ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತಳು, ಅಮ್ಮ ಕೂತ ಹಾಗೆ. ಆರು ಗಂಟೆಯಾಯಿತು, ಆರೂವರೆಯಾಯಿತು. ನಡುನಡುವೆ ಬೆರಳು ಅದ್ದಿ ನೋಡಿದಳು. ನೀರು ಪೂರ್ತಿ ಆರಿದ ಮೇಲೆ ಬಕೆಟ್ಟು ಬಗ್ಗಿಸಿ, ಒಂದಿಷ್ಟೂ ಸದ್ದಾಗದಂತೆ, ನಿಧಾನವಾಗಿ ಮೋರಿಗೆ ಬಿಟ್ಟಳು. ಹತ್ತು ಗಂಟೆಗೆ ಕೀಳಲಿದ್ದ ಗಿಡದ ಬುಡಕ್ಕೆ ಅದು ಹರಿದುಹೋಯಿತು. ಹೊರಗೆ ಹಬೆ ಏಳಲಿಲ್ಲ.